ಗಟ್ಟಿಯಾದದ್ದೆಲ್ಲ ಭದ್ರವಲ್ಲ: ಸಿಮೆಂಟು, ಜೇಡಿಮಣ್ಣು ಮತ್ತು ಸಾವಯವ ವಿಷಗಳು

ಅಡುಗೆಮನೆಯ ನೆಲದ ಮೇಲೆ ಎಣ್ಣೆ ಚೆಲ್ಲಿದರೆ ಅದರ ಮೇಲೆ ಬೂದಿಯನ್ನೋ ಹಿಟ್ಟನ್ನೋ ಉದುರಿಸಿ ಬಳಿದು ತೆಗೆಯುವುದು ನಮ್ಮ ಮನೆಗಳ ಹಳೆಯ ರೂಢಿ. ಒಂದು ನಿಮಿಷದಲ್ಲಿ ಎಣ್ಣೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದು ಎಲ್ಲಿಗೂ ಹೋಗಿಲ್ಲ, ಬೂದಿಯ ಕಣಗಳ ನಡುವೆ ಸೇರಿಕೊಂಡಿದೆ ಅಷ್ಟೆ. ಆ ಬೂದಿಯನ್ನು ಹಿತ್ತಲಿಗೆ ಎಸೆದರೆ ಮಳೆ ಬಂದಾಗ ಏನಾಗುತ್ತದೆ? ಎಣ್ಣೆ ಬೂದಿಯಲ್ಲೇ ಉಳಿಯುತ್ತದೆಯೇ, ನೀರಿನೊಂದಿಗೆ ಹರಿಯುತ್ತದೆಯೇ? ಮನೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಚೆಲ್ಲಿದ್ದು ಒಂದು ಚಮಚ ಎಣ್ಣೆಯಾಗಿರದೆ ಸಾವಿರಾರು ಟನ್ ಫೀನಾಲ್, ಬೆಂಜೀನ್, ಟಾರು ಅಥವಾ ಕ್ಲೋರಿನ್‌ಯುಕ್ತ ಕೀಟನಾಶಕವಾಗಿದ್ದರೆ ಮಾತ್ರ ಈ ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ.

ಕಲುಷಿತ ಮಣ್ಣಿಗೆ ಅಥವಾ ಕೆಸರಿಗೆ ಸಿಮೆಂಟು, ಸುಣ್ಣ, ಜೇಡಿಮಣ್ಣು ಮುಂತಾದವನ್ನು ಬೆರೆಸಿ ವಿಷವಸ್ತು ಅಲ್ಲಿಂದ ಕದಲದಂತೆ ಮಾಡುವ ವಿಧಾನಕ್ಕೆ ನಿಶ್ಚಲೀಕರಣ ಎನ್ನಬಹುದು. ಇದರಲ್ಲಿ ಎರಡು ಕೆಲಸಗಳು ಸೇರಿವೆ. ಕೆಸರನ್ನು ಗಟ್ಟಿಯಾದ ಗಡ್ಡೆಯನ್ನಾಗಿ ಮಾಡುವುದು ಘನೀಕರಣ. ಗಡ್ಡೆಯೊಳಗಿನ ವಿಷವು ನೀರಿಗೆ ಬಿಟ್ಟುಕೊಡದ ರೂಪಕ್ಕೆ ಬರುವಂತೆ ಮಾಡುವುದು ಸ್ಥಿರೀಕರಣ. ಮೊದಲನೆಯದು ನಡೆದರೆ ಎರಡನೆಯದೂ ತಾನಾಗಿಯೇ ನಡೆದಂತೆ ಎಂದು ತಂತ್ರಜ್ಞರು ಬಹುಕಾಲ ಭಾವಿಸಿದ್ದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬಂತೆ ಗಟ್ಟಿಯಾದದ್ದೆಲ್ಲ ಭದ್ರವಲ್ಲ ಎಂಬುದನ್ನು ಕಲಿಯಲು ಸುಮಾರು ನಾಲ್ಕು ದಶಕಗಳು ಬೇಕಾದವು. ಆ ಕಲಿಕೆಯ ಚರಿತ್ರೆಯೇ ಈ ಲೇಖನದ ವಿಷಯ.

ಜೇಡಿಯ ಮೇಲಿನ ನಂಬಿಕೆ

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ನಯಾಗರ ಜಲಪಾತದ ಸಮೀಪ, 1890ರ ದಶಕದಲ್ಲಿ ವಿಲಿಯಂ ಲವ್ ಎಂಬಾತ ಒಂದು ಕಾಲುವೆ ತೋಡಿಸಲು ಆರಂಭಿಸಿ ಅರ್ಧದಲ್ಲೇ ಕೈಬಿಟ್ಟ. ನೆಲ ಜೇಡಿಮಣ್ಣಿನದು. ಜೇಡಿಯಲ್ಲಿ ನೀರು ಇಂಗುವುದಿಲ್ಲವಾದ್ದರಿಂದ ತ್ಯಾಜ್ಯ ಸುರಿಯಲು ಇದು ಸುರಕ್ಷಿತ ಜಾಗವೆಂದು ಹೂಕರ್ ಎಂಬ ರಾಸಾಯನಿಕ ಕಂಪನಿ ತೀರ್ಮಾನಿಸಿತು. 1942ರಿಂದ 1953ರವರೆಗೆ ಸುಮಾರು 20,000 ಟನ್ ರಾಸಾಯನಿಕ ತ್ಯಾಜ್ಯ ಈ ಹೊಂಡಕ್ಕೆ ಬಿತ್ತು. ಅದರಲ್ಲಿ ಹೆಚ್ಚಿನವು ಕ್ಲೋರಿನ್‌ಯುಕ್ತ ಸಾವಯವ ಸಂಯುಕ್ತಗಳು. ಮೇಲೆ ಜೇಡಿಮಣ್ಣಿನದೇ ಮುಚ್ಚಳ. 1953ರಲ್ಲಿ ಕಂಪನಿಯು ಆ ಜಾಗವನ್ನು ಒಂದು ಡಾಲರಿಗೆ ಶಾಲಾ ಮಂಡಳಿಗೆ ವಹಿಸಿಕೊಟ್ಟಿತು. ಅಲ್ಲಿ ಶಾಲೆ ಬಂತು, ಸುತ್ತ ಮನೆಗಳು ಎದ್ದವು. ಚರಂಡಿ, ರಸ್ತೆಗಳ ಕಾಮಗಾರಿಯಲ್ಲಿ ಜೇಡಿಯ ಗೋಡೆ ಮತ್ತು ಮುಚ್ಚಳ ಅಲ್ಲಲ್ಲಿ ಒಡೆದವು. 1970ರ ದಶಕದ ಮಧ್ಯಭಾಗದ ಭಾರಿ ಮಳೆ, ಹಿಮಗಳ ನಂತರ ಮನೆಗಳ ನೆಲಮಾಳಿಗೆಗಳಲ್ಲಿ ಎಣ್ಣೆಯಂಥ ದ್ರವ ಒಸರತೊಡಗಿತು. 1978ರ ಆಗಸ್ಟ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಲ್ಲಿ ತುರ್ತುಪರಿಸ್ಥಿತಿ ಘೋಷಿಸಬೇಕಾಯಿತು. ಲವ್ ಕೆನಾಲ್ ಎಂಬ ಹೆಸರು ಜಗತ್ತಿಗೆಲ್ಲ ಪರಿಚಯವಾದದ್ದು ಹೀಗೆ. 1980ರ ಡಿಸೆಂಬರಿನಲ್ಲಿ ಜಾರಿಗೆ ಬಂದ, ಸೂಪರ್‌ಫಂಡ್ ಎಂದು ಹೆಸರಾದ ಶುದ್ಧೀಕರಣ ಕಾಯಿದೆಗೆ ಈ ಘಟನೆಯೇ ಮುಖ್ಯ ಪ್ರೇರಣೆ.

ಲವ್ ಕೆನಾಲಿನಲ್ಲಿ ಜೇಡಿಯನ್ನು ಒಡೆದದ್ದು ಮನುಷ್ಯರ ಗುದ್ದಲಿ, ಯಂತ್ರಗಳು. ಆದರೆ ಯಾರೂ ಮುಟ್ಟದೆ ಬಿಟ್ಟಿದ್ದರೆ ಜೇಡಿಯು ಸಾವಯವ ದ್ರವಗಳನ್ನು ಎಂದೆಂದಿಗೂ ತಡೆದಿಡುತ್ತಿತ್ತೇ? ಈ ಪ್ರಶ್ನೆಗೆ ಉತ್ತರ ಹುಡುಕಹೊರಟವರಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಡೇವಿಡ್ ಆಂಡರ್ಸನ್ ಮತ್ತು ಕರ್ಕ್ ಬ್ರೌನ್ ಮುಖ್ಯರು. ಒತ್ತಿ ಗಟ್ಟಿಮಾಡಿದ ಜೇಡಿಯ ಮೂಲಕ ನೀರು ಹರಿಯುವ ವೇಗವನ್ನು ಅಳೆದ ಮೇಲೆ ಅವರು ನೀರಿನ ಬದಲು ಅಸಿಟೋನ್, ಮೆಥನಾಲ್, ಜೈಲೀನ್‌ನಂಥ ಶುದ್ಧ ದ್ರಾವಕಗಳನ್ನು ಹರಿಸಿ ನೋಡಿದರು. 1980ರ ದಶಕದ ಆರಂಭದಲ್ಲಿ ಪ್ರಕಟವಾದ ಅವರ ಫಲಿತಾಂಶಗಳು ಎಂಜಿನಿಯರುಗಳನ್ನು ಬೆಚ್ಚಿಬೀಳಿಸಿದವು. ನೀರನ್ನು ತಡೆದಿದ್ದ ಅದೇ ಜೇಡಿ ಕೆಲವು ದ್ರಾವಕಗಳನ್ನು ನೂರಾರು ಪಟ್ಟು ಸುಲಭವಾಗಿ ಹರಿಯಗೊಟ್ಟಿತ್ತು.

ಎರೆ ಭೂಮಿಯ ಭೌತವಿಜ್ಞಾನ

ಕಾರಣ ತಿಳಿಯಬೇಕಾದರೆ ಜೇಡಿಯ ರಚನೆಯನ್ನು ನೋಡಬೇಕು. ಉತ್ತರ ಕರ್ನಾಟಕದ ಎರೆ ಭೂಮಿ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವುದನ್ನು ನಾವೆಲ್ಲ ಬಲ್ಲೆವು. ಇದಕ್ಕೆ ಕಾರಣ ಆ ಮಣ್ಣಿನಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಖನಿಜವರ್ಗ. ಫ್ರಾನ್ಸಿನ ಮಾಂಟ್‌ಮೊರಿಲ್ಲಾನ್ ಎಂಬ ಊರಿನಿಂದ 1847ರಲ್ಲಿ ಅದಕ್ಕೆ ಈ ಹೆಸರು ಬಂತು. ಈ ಖನಿಜ ಹೇರಳವಾಗಿರುವ ಜೇಡಿಯೇ ಬೆಂಟೊನೈಟ್. ಎಕ್ಸ್ ಕಿರಣ ವಿವರ್ತನೆಯ ಸಹಾಯದಿಂದ ಇದರ ಪದರ ರಚನೆಯನ್ನು ಹಾಫ್‌ಮನ್, ಎಂಡೆಲ್ ಮತ್ತು ವಿಲ್ಮ್ ಎಂಬ ಜರ್ಮನ್ ವಿಜ್ಞಾನಿಗಳು 1933ರಲ್ಲಿ ಮುಂದಿಟ್ಟರು. ಸುಮಾರು ಒಂದು ನ್ಯಾನೋಮೀಟರ್ ದಪ್ಪದ ಹಾಳೆಗಳು ಪುಸ್ತಕದ ಪುಟಗಳಂತೆ ಒಂದರ ಮೇಲೊಂದು ಕುಳಿತಿರುತ್ತವೆ. ಹಾಳೆಗಳೆಲ್ಲ ಬಿಡಿಸಿಕೊಂಡಾಗ ಒಂದು ಗ್ರಾಂ ಖನಿಜದ ಮೇಲ್ಮೈ ಸುಮಾರು 750 ಚದರ ಮೀಟರ್. ಹತ್ತು ಗ್ರಾಮಿನಲ್ಲಿ ಒಂದು ಫುಟ್‌ಬಾಲ್ ಮೈದಾನದಷ್ಟು ಮೇಲ್ಮೈ ಅಡಗಿದೆ!

ಈ ಹಾಳೆಗಳ ಮೇಲೆ ಋಣ ಆವೇಶವಿದೆ. ಅದನ್ನು ಸರಿದೂಗಿಸಲು ಸೋಡಿಯಂ, ಕ್ಯಾಲ್ಸಿಯಂನಂಥ ಧನ ಅಯಾನುಗಳು ಹಾಳೆಗಳ ನಡುವೆ ನೀರಿನೊಂದಿಗೆ ಇರುತ್ತವೆ. ಆವೇಶವುಳ್ಳ ಮೇಲ್ಮೈ ಮತ್ತು ಅದರ ಮುಂದಿನ ಅಯಾನುಗಳ ಮೋಡ ಎರಡೂ ಸೇರಿ ಆಗುವ ಜೋಡಿಪದರವನ್ನು ಗೂಯಿ 1910ರಲ್ಲಿ, ಚಾಪ್‌ಮನ್ 1913ರಲ್ಲಿ ಗಣಿತದ ಮೂಲಕ ವಿವರಿಸಿದರು. ಈ ಮೋಡದ ದಪ್ಪ ದ್ರವದ ಪರಾವೈದ್ಯುತ ಸ್ಥಿರಾಂಕದ ವರ್ಗಮೂಲವನ್ನು ಅವಲಂಬಿಸಿದೆ. ನೀರಿನ ಸ್ಥಿರಾಂಕ ಸುಮಾರು 80, ಅಸಿಟೋನಿನದು 21, ಜೈಲೀನಿನದು ಕೇವಲ 2.4ರಷ್ಟು. ನೀರಿನ ಜಾಗಕ್ಕೆ ಜೈಲೀನ್ ಬಂದರೆ ಮೋಡ ಕುಗ್ಗುತ್ತದೆ, ಉಬ್ಬಿದ್ದ ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ, ಮುದ್ದೆಗಳ ನಡುವೆ ಬಿರುಕು ತೆರೆಯುತ್ತದೆ. ಅಂದರೆ ಬೇಸಿಗೆಯ ಎರೆ ಭೂಮಿಗೆ ಆಗುವುದೇ ದ್ರಾವಕ ತುಂಬಿದ ಹೊಂಡದ ತಳಕ್ಕೂ ಆಗುತ್ತದೆ.

ಇದನ್ನು ತರಗತಿಯಲ್ಲೇ ತೋರಿಸಬಹುದು. ನಮ್ಮ ಸಿವಿಲ್ ಎಂಜಿನಿಯರುಗಳು ಭಾರತೀಯ ಮಾನಕ 2720ರ 40ನೆಯ ಭಾಗದಂತೆ ಮಾಡುವ ಉಬ್ಬು ಪರೀಕ್ಷೆ ಇದಕ್ಕೆ ಒಳ್ಳೆಯ ಉದಾಹರಣೆ. ಒಣಗಿಸಿ ಜರಡಿಯಾಡಿದ 10 ಗ್ರಾಂ ಎರೆಮಣ್ಣನ್ನು 100 ಮಿಲಿಲೀಟರಿನ ಎರಡು ಅಳತೆ ಜಾಡಿಗಳಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ 24 ಗಂಟೆ ಬಿಡಬೇಕು. ನೀರಿನಲ್ಲಿ ಮಣ್ಣು ಉಬ್ಬಿ ಮೇಲೇರುತ್ತದೆ. ಅಧ್ರುವೀಯ ದ್ರವವಾದ ಸೀಮೆಎಣ್ಣೆಯಲ್ಲಿ ಅದು ಉಬ್ಬುವುದೇ ಇಲ್ಲ. ಸಾಮಾನ್ಯ ಜೇಡಿಗೆ ನೀರು ಬಂಧು, ಎಣ್ಣೆ ಪರಕೀಯ ಎಂಬುದನ್ನು ವಿದ್ಯಾರ್ಥಿಗಳು ಕಣ್ಣಾರೆ ಕಾಣಬಹುದು.

ಸಿಮೆಂಟಿನ ಸರದಿ

ಜೇಡಿಯೊಂದನ್ನೇ ನಂಬುವಂತಿಲ್ಲ ಎಂದಾದರೆ ಸಿಮೆಂಟು ಇದೆಯಲ್ಲ? ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಅದಕ್ಕೂ ಬಹಳ ಹಿಂದಿನಿಂದ ಸುಣ್ಣದೊಂದಿಗೆ ಸುಟ್ಟ ಜೇಡಿಯ ಪುಡಿಯನ್ನು ಬೆರೆಸಿ ಗಾರೆ ಮಾಡುವುದು ಗೊತ್ತಿತ್ತು. ನಮ್ಮ ಕೃಷ್ಣರಾಜಸಾಗರ ಅಣೆಕಟ್ಟೆ 1911ರಿಂದ 1931ರ ಅವಧಿಯಲ್ಲಿ ಎದ್ದದ್ದು ಇಂಥ ಸುರ್ಕಿ ಗಾರೆಯಿಂದಲೇ. ಸುಟ್ಟ ಜೇಡಿಯ ಸಿಲಿಕ ಮತ್ತು ಅಲ್ಯೂಮಿನ ಸುಣ್ಣದೊಂದಿಗೆ ವರ್ತಿಸಿ ನೀರಿನಲ್ಲೂ ಕರಗದ ಬಂಧಕ ಉಂಟಾಗುತ್ತದೆ. ಸಿಮೆಂಟು ನೀರಿನೊಂದಿಗೆ ಸೇರಿದಾಗಲೂ ಹೆಚ್ಚುಕಡಿಮೆ ಇದೇ ಜಾತಿಯ ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಎಂಬ ಲೋಳೆಯಂಥ ವಸ್ತು ಬೆಳೆದು ಗಟ್ಟಿಯಾಗುತ್ತದೆ.

1950ರ ದಶಕದಿಂದಲೇ ಕಡಿಮೆ ತೀವ್ರತೆಯ ವಿಕಿರಣಶೀಲ ತ್ಯಾಜ್ಯವನ್ನು ಸಿಮೆಂಟಿನಲ್ಲಿ ಹುದುಗಿಸಲಾಗುತ್ತಿತ್ತು. 1970ರ ದಶಕದಲ್ಲಿ ಇದೇ ಉಪಾಯವನ್ನು ಲೋಹಯುಕ್ತ ಕೈಗಾರಿಕಾ ಕೆಸರಿಗೆ ಅನ್ವಯಿಸಿದಾಗ ಒಳ್ಳೆಯ ಫಲ ಸಿಕ್ಕಿತು. ಸಿಮೆಂಟಿನ ರಂಧ್ರಗಳಲ್ಲಿರುವ ನೀರಿನ ಪಿಎಚ್ 12.5ರಿಂದ 13ರಷ್ಟು. ಅಷ್ಟು ಪ್ರಬಲ ಕ್ಷಾರದಲ್ಲಿ ಕ್ಯಾಡ್ಮಿಯಂ, ನಿಕ್ಕಲ್ ಮುಂತಾದ ಲೋಹಗಳು ಕರಗದ ಹೈಡ್ರಾಕ್ಸೈಡುಗಳಾಗಿ ಕೆಳಗಿಳಿಯುತ್ತವೆ. ಲೋಹಗಳ ಮಟ್ಟಿಗೆ ಸಿಮೆಂಟು ಬರಿಯ ಪೆಟ್ಟಿಗೆಯಲ್ಲ, ಬೀಗವೂ ಹೌದು.

ಸಾವಯವ ವಸ್ತುಗಳ ಕಥೆಯೇ ಬೇರೆ. ಬೆಂಜೀನಿಗೆ ಸಿಮೆಂಟಿನೊಂದಿಗೆ ರಾಸಾಯನಿಕ ಸಂಬಂಧವೇ ಇಲ್ಲ. ರಂಧ್ರಗಳಾದರೂ ಅದನ್ನು ತಡೆಯಬಹುದೇ? 1940ರ ದಶಕದಲ್ಲಿ ಅಮೆರಿಕದ ಟಿ.ಸಿ. ಪವರ್ಸ್ ಮತ್ತು ಸಂಗಡಿಗರು ಗಟ್ಟಿಯಾದ ಸಿಮೆಂಟಿನ ರಂಧ್ರಗಳನ್ನು ವಿವರವಾಗಿ ಅಧ್ಯಯನ ಮಾಡಿದ್ದರು. ಅತಿ ಸಣ್ಣ ರಂಧ್ರಗಳೂ ಒಂದೆರಡು ನ್ಯಾನೋಮೀಟರಿನಷ್ಟಿರುತ್ತವೆ. ಬೆಂಜೀನ್ ಅಣುವಿನ ಅಗಲ ಸುಮಾರು 0.6 ನ್ಯಾನೋಮೀಟರ್. ಹೀಗಾಗಿ ಬಾಗಿಲು ಕಿರಿದಾದರೂ ಅಣು ಹೊರಬರಲು ಸಾಕು.

ಫೀನಾಲ್ ಇನ್ನೂ ಕಷ್ಟದ ಪ್ರಾಣಿ. ಅದು ದುರ್ಬಲ ಆಮ್ಲ. ಪಿಎಚ್ 10ರಲ್ಲಿ ಅದರ ಅರ್ಧದಷ್ಟು ಅಣುಗಳು ಋಣ ಅಯಾನುಗಳಾಗಿರುತ್ತವೆ, ಪಿಎಚ್ 13ರಲ್ಲಿ ಸಾವಿರಕ್ಕೆ 999. ಜೇಡಿಯ ಹಾಳೆಯೂ ಋಣ, ಫೀನಾಲ್ ಅಯಾನೂ ಋಣ. ಸಜಾತೀಯ ಆವೇಶಗಳು ವಿಕರ್ಷಿಸುತ್ತವೆ ಎಂಬ ಪಾಠ ಇಲ್ಲಿ ಕಣ್ಣಮುಂದೆ ನಡೆಯುತ್ತದೆ. ಲೋಹಗಳನ್ನು ಬೀಗ ಹಾಕಿ ಕೂರಿಸಿದ ಅದೇ ಕ್ಷಾರ ಫೀನಾಲನ್ನು ಹೆಚ್ಚು ಕರಗುವಂತೆ ಮಾಡಿ ಹೊರಗಟ್ಟುತ್ತದೆ. ಜೊತೆಗೆ ಅನೇಕ ಸಾವಯವ ವಸ್ತುಗಳು ಸಿಮೆಂಟು ಗಟ್ಟಿಯಾಗುವುದನ್ನೇ ತಡಮಾಡುತ್ತವೆ. ಕಾಂಕ್ರೀಟಿಗೆ ಸಕ್ಕರೆ ಬಿದ್ದರೆ ಕೆಲಸ ಕೆಡುತ್ತದೆ ಎಂಬುದು ಗಾರೆ ಕೆಲಸದವರಿಗೆ ತಿಳಿದ ಸಂಗತಿ. ಫೀನಾಲ್ ಕೂಡ ಇದೇ ಗುಂಪಿಗೆ ಸೇರಿದೆ.

ಜೇಡಿಗೆ ಎಣ್ಣೆಯ ಗುಣ

ಈ ಬಿಕ್ಕಟ್ಟಿಗೆ ಪರಿಹಾರ ದೊರೆತದ್ದು ಮಾಲಿನ್ಯಕ್ಕೆ ಸಂಬಂಧವೇ ಇಲ್ಲದ ಸಂಶೋಧನೆಯಿಂದ. ಜೇಡಿಯ ಹಾಳೆಗಳ ನಡುವಿನ ಸೋಡಿಯಂ ಅಯಾನನ್ನು ತೆಗೆದು ಆ ಜಾಗದಲ್ಲಿ ಸಾವಯವ ಧನ ಅಯಾನನ್ನು ಕೂರಿಸಬಹುದೆಂದು 1930ರ ದಶಕದಲ್ಲೇ ತಿಳಿದಿತ್ತು. ಗೀಸ್ಕಿಂಗ್ 1939ರಲ್ಲಿ ಈ ವಿನಿಮಯವನ್ನು ಎಕ್ಸ್ ಕಿರಣಗಳಿಂದ ಪರಿಶೀಲಿಸಿದರು. ದೊಡ್ಡ ಸಾವಯವ ಅಯಾನುಗಳನ್ನು ಜೇಡಿ ಬಿಗಿಯಾಗಿ ಹಿಡಿದುಕೊಳ್ಳಲು ವಿದ್ಯುತ್ ಆಕರ್ಷಣೆ ಮಾತ್ರವಲ್ಲ, ವ್ಯಾನ್ ಡರ್ ವಾಲ್ಸ್ ಬಲವೂ ಕಾರಣ ಎಂದು ಸ್ಟರ್ಲಿಂಗ್ ಹೆಂಡ್ರಿಕ್ಸ್ 1941ರಲ್ಲಿ ತೋರಿಸಿದರು. 1949ರಲ್ಲಿ ಜಾನ್ ಜೋರ್ಡನ್ ಇಂಥ ಅಯಾನಿನ ಇಂಗಾಲದ ಬಾಲ ಉದ್ದವಾದಂತೆ ಪದರಗಳ ಅಂತರ ಮೆಟ್ಟಿಲು ಮೆಟ್ಟಿಲಾಗಿ ಏರುವುದನ್ನು ವರದಿ ಮಾಡಿದರು. ಹೀಗೆ ಮಾರ್ಪಡಿಸಿದ ಜೇಡಿ ನೀರಿನಲ್ಲಿ ಉಬ್ಬದೆ ಎಣ್ಣೆಯಂಥ ದ್ರವಗಳಲ್ಲಿ ಉಬ್ಬುತ್ತದೆ. ಆಗಿನ ಉದ್ಯಮ ಅದನ್ನು ಬಣ್ಣ, ಗ್ರೀಸುಗಳನ್ನು ಮಂದಗೊಳಿಸಲು ಬಳಸಿಕೊಂಡಿತು.

ಮಾಲಿನ್ಯದ ಕಡೆಗೆ ಇದನ್ನು ತಿರುಗಿಸಿದವರಲ್ಲಿ ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದ ಮ್ಯಾಕ್ಸ್ ಮಾರ್ಟ್‌ಲ್ಯಾಂಡ್ ಮತ್ತು ಸ್ಟೀಫನ್ ಬಾಯ್ಡ್ ಪ್ರಮುಖರು. ಮಣ್ಣಿನಲ್ಲಿರುವ ಸಾವಯವ ಅಂಶವು ಕೀಟನಾಶಕಗಳಂಥ ಆವೇಶರಹಿತ ಅಣುಗಳನ್ನು ಹಿಡಿಯುವುದು ಮೇಲ್ಮೈಗೆ ಅಂಟಿಸಿಕೊಂಡಲ್ಲ, ತನ್ನೊಳಗೆ ಕರಗಿಸಿಕೊಂಡು ಎಂದು ಕ್ಯಾರಿ ಚಿಯೊ ಮತ್ತು ಸಂಗಡಿಗರು 1979ರಲ್ಲಿ ವಾದಿಸಿದ್ದರು. ಅಯೋಡಿನ್ ನೀರಿಗಿಂತ ಕಾರ್ಬನ್ ಟೆಟ್ರಾಕ್ಲೋರೈಡಿನಲ್ಲಿ ಹೆಚ್ಚು ಹಂಚಿಕೆಯಾಗುವುದನ್ನು ಪದವಿಪೂರ್ವ ತರಗತಿಯಲ್ಲಿ ತೋರಿಸುವುದುಂಟು. ಇದೂ ಅದೇ ತತ್ವ. ಹದಿನಾರು ಇಂಗಾಲಗಳ ಬಾಲವುಳ್ಳ ಅಮೋನಿಯಂ ಅಯಾನುಗಳನ್ನು ಜೇಡಿಯ ಹಾಳೆಗಳ ನಡುವೆ ತುಂಬಿದರೆ ಅಲ್ಲಿ ಎಣ್ಣೆಯಂಥ ತೆಳು ಪದರವೇ ಏರ್ಪಡುತ್ತದೆ, ಸಾವಯವ ಮಾಲಿನ್ಯಕಾರಕ ನೀರನ್ನು ಬಿಟ್ಟು ಆ ಪದರಕ್ಕೆ ಬಂದು ಸೇರುತ್ತದೆ. ಇದೇ ಕುಲದ ಸಂಯುಕ್ತಗಳು ಕೂದಲಿಗೆ ಹಚ್ಚುವ ಕಂಡೀಷನರುಗಳಲ್ಲೂ ಇರುತ್ತವೆ. ಬಾಯ್ಡ್, ಮಾರ್ಟ್‌ಲ್ಯಾಂಡ್ ಮತ್ತು ಸಂಗಡಿಗರು 1988ರಲ್ಲಿ 'ನೇಚರ್' ಪತ್ರಿಕೆಯಲ್ಲಿ, ನೆಲದ ಮಣ್ಣನ್ನೇ ಹೀಗೆ ಮಾರ್ಪಡಿಸಿ ಮಾಲಿನ್ಯದ ಚಲನೆಯನ್ನು ತಗ್ಗಿಸಬಹುದೆಂದು ಸೂಚಿಸಿದರು.

ಅದೇ ವರ್ಷಗಳಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜು ಮತ್ತು ಅಮೆರಿಕದ ಲೂಸಿಯಾನ ರಾಜ್ಯ ವಿಶ್ವವಿದ್ಯಾಲಯದ ತಂಡಗಳು ಮಾರ್ಪಡಿಸಿದ ಜೇಡಿಯನ್ನು ಸಿಮೆಂಟಿನೊಂದಿಗೆ ಸೇರಿಸಿದವು. ತ್ಯಾಜ್ಯವನ್ನು ಮೊದಲು ಜೇಡಿಯೊಂದಿಗೆ ಬೆರೆಸಿ ಹೀರಿಕೊಳ್ಳಲು ಬಿಟ್ಟು, ನಂತರ ಸಿಮೆಂಟು ಹಾಕುವುದು ಇಲ್ಲಿಯ ಕ್ರಮ. ಜೇಡಿಯು ಸಾವಯವವನ್ನು ಹಿಡಿದುಕೊಳ್ಳುವುದರಿಂದ ಸಿಮೆಂಟಿಗೆ ಅದರ ಕಾಟ ತಪ್ಪುತ್ತದೆ, ಸಿಮೆಂಟು ಗಟ್ಟಿಯಾಗಿ ಜೇಡಿಯ ಸುತ್ತ ನೀರಿನ ಓಡಾಟವನ್ನು ತಗ್ಗಿಸುತ್ತದೆ. ಕ್ಲೋರೊಫೀನಾಲುಗಳಂಥ ಭಾರದ ಅಣುಗಳಿಗೆ ಫಲ ಚೆನ್ನಾಗಿತ್ತು. ನೀರಿನಲ್ಲಿ ಸುಲಭವಾಗಿ ಕರಗುವ ಫೀನಾಲಿಗೆ ಅಷ್ಟಾಗಿ ಇರಲಿಲ್ಲ.

ಮೂರು ಪರೀಕ್ಷೆಗಳು ಕಲಿಸಿದ್ದು

ಪ್ರಯೋಗಶಾಲೆಯ ಬೀಕರಿನಲ್ಲಿ ನಡೆದದ್ದು ಬಯಲಿನಲ್ಲೂ ನಡೆಯುತ್ತದೆಯೇ? ಕಂಪನಿಗಳು ತಮ್ಮ ತಮ್ಮ ಗುಟ್ಟಿನ ಮಿಶ್ರಣಗಳ ಬಗ್ಗೆ ದೊಡ್ಡ ಮಾತುಗಳನ್ನಾಡುತ್ತಿದ್ದ ಕಾಲ ಅದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅವನ್ನು ಬಯಲಿನಲ್ಲೇ ಪರೀಕ್ಷಿಸುವ ಕಾರ್ಯಕ್ರಮವೊಂದನ್ನು 1986ರಲ್ಲಿ ಆರಂಭಿಸಿತು.

1987ರ ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯದ ಡಗ್ಲಸ್‌ವಿಲ್ ಎಂಬಲ್ಲಿ, ಹಳೆಯ ಎಣ್ಣೆ ಸಂಸ್ಕರಣೆಯಿಂದ ಕೆಟ್ಟುಹೋಗಿದ್ದ ನೆಲದ ಮೇಲೆ ಸಿಮೆಂಟು ಆಧಾರಿತ ವಿಧಾನವೊಂದರ ಪರೀಕ್ಷೆ ನಡೆಯಿತು. ಎಣ್ಣೆ, ಗ್ರೀಸು ಶೇಕಡಾ 25ರಷ್ಟಿದ್ದ ಮಣ್ಣೂ ಗಟ್ಟಿಯಾಯಿತು. ಬಸಿನೀರಿನಲ್ಲಿ ಸೀಸದ ಪ್ರಮಾಣ ನೂರಾರು ಪಟ್ಟು ಇಳಿಯಿತು. ಆದರೆ ಸಾವಯವ ಸಂಯುಕ್ತಗಳು ಬಹುಮಟ್ಟಿಗೆ ಮೊದಲಿನಂತೆಯೇ ಬಸಿಯುತ್ತಿದ್ದವು. ಮಣ್ಣಿನ ಪರಿಮಾಣ ಮಾತ್ರ ಹೆಚ್ಚುಕಡಿಮೆ ದುಪ್ಪಟ್ಟಾಗಿತ್ತು. ಗಡ್ಡೆ ಗಟ್ಟಿ, ಲೋಹ ಭದ್ರ, ಸಾವಯವ ಸ್ವತಂತ್ರ: ಮೂರೂ ಒಂದೇ ಗಡ್ಡೆಯಲ್ಲಿ!

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಗಮನಿಸಬೇಕು. ಒಂದು ಟನ್ ಕಲುಷಿತ ಮಣ್ಣಿಗೆ ಒಂದು ಟನ್ ಸಿಮೆಂಟು ಬೆರೆಸಿದರೆ ಪ್ರತಿ ಗ್ರಾಮಿನಲ್ಲಿರುವ ವಿಷ ಅರ್ಧಕ್ಕೆ ಇಳಿಯುತ್ತದೆ. ಪರೀಕ್ಷೆಯಲ್ಲಿ 100 ತೋರುತ್ತಿದ್ದದ್ದು 50 ತೋರಿದರೆ ಅದರಲ್ಲಿ ಸಿಮೆಂಟಿನ ಸಾಮರ್ಥ್ಯವೇನೂ ಇಲ್ಲ, ಅದು ಹಾಲಿಗೆ ನೀರು ಬೆರೆಸಿದಂತೆ. ಈ ತೆಳುವಾಗುವಿಕೆಯನ್ನು ಲೆಕ್ಕದಿಂದ ಕಳೆಯದೆ ಯಶಸ್ಸು ಸಾರಿದ ವರದಿಗಳನ್ನು ಎಚ್ಚರದಿಂದ ಓದಬೇಕು.

ಎರಡನೆಯ ಪರೀಕ್ಷೆ 1988ರ ಏಪ್ರಿಲಿನಲ್ಲಿ ಫ್ಲಾರಿಡದ ಹಯಲೀಯದಲ್ಲಿ ನಡೆಯಿತು. ವಿದ್ಯುತ್ ಉಪಕರಣಗಳ ದುರಸ್ತಿ ಜಾಗವದು. ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಬಳಸುತ್ತಿದ್ದ ಪಾಲಿಕ್ಲೋರಿನೇಟೆಡ್ ಬೈಫಿನೈಲುಗಳು, ಅಂದರೆ ಪಿಸಿಬಿಗಳು, ಮಣ್ಣಿಗೆ ಸೇರಿದ್ದವು. ಭಾರಿ ಗಾತ್ರದ ಬೈರಿಗೆಯಿಂದ ನೆಲವನ್ನು ಹಲವು ಮೀಟರ್ ಆಳದವರೆಗೆ ಕಲಕಿ ಸಿಮೆಂಟು ಆಧಾರಿತ ಮಿಶ್ರಣವನ್ನು ಒಳಗೇ ತುಂಬಲಾಯಿತು. ನಂತರ ಬಸಿನೀರಿನಲ್ಲಿ ಪಿಸಿಬಿ ಹೆಚ್ಚುಕಡಿಮೆ ಕಾಣಲಿಲ್ಲ. ಯಶಸ್ಸೇ? ಸಂಸ್ಥೆಯ ವರದಿ ಪ್ರಾಮಾಣಿಕವಾಗಿತ್ತು. ಸಂಸ್ಕರಿಸದ ಮಣ್ಣಿನ ಹೆಚ್ಚಿನ ಮಾದರಿಗಳಿಂದಲೂ ಪಿಸಿಬಿ ಬಸಿದಿರಲಿಲ್ಲ, ಆದ್ದರಿಂದ ಮಿಶ್ರಣವೇ ಅದನ್ನು ಹಿಡಿದಿಟ್ಟಿತೆಂದು ದೃಢಪಡಿಸಲಾಗದು ಎಂದು ಅದು ಹೇಳಿತು. ನೀರಿನಲ್ಲಿ ಬಹುತೇಕ ಕರಗದ ವಸ್ತುವನ್ನು ನೀರಿನಿಂದ ತೊಳೆದು, ಹೊರಬರಲಿಲ್ಲ ಎನ್ನುವುದು ಸಾಕ್ಷಿಯಾಗುವುದಿಲ್ಲ. ಹೋಲಿಕೆಗೆ ಇಟ್ಟ ಮಾದರಿಯಿಲ್ಲದೆ ಪ್ರಯೋಗವಿಲ್ಲ ಎಂಬುದಕ್ಕೆ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಮೂರನೆಯ ಪ್ರಸಂಗ ಸುಟ್ಟ ಸುಣ್ಣದ್ದು. ಪಿಸಿಬಿ ಇರುವ ತ್ಯಾಜ್ಯಕ್ಕೆ ಸುಟ್ಟ ಸುಣ್ಣ ಬೆರೆಸಿದರೆ ಪಿಸಿಬಿ ಮಾಯವಾಗುತ್ತದೆ, ಸುಣ್ಣ ಅದನ್ನು ನಾಶಮಾಡುತ್ತದೆ ಎಂಬ ಸುದ್ದಿ ಹಬ್ಬಿತ್ತು. ಅಷ್ಟು ಅಗ್ಗದ ಉಪಾಯ ನಿಜವಾಗಿದ್ದರೆ ಜಗತ್ತಿಗೇ ವರದಾನ. ಪರಿಸರ ಸಂರಕ್ಷಣಾ ಸಂಸ್ಥೆ 1991ರಲ್ಲಿ ಎಚ್ಚರಿಕೆಯ ಪ್ರಯೋಗ ನಡೆಸಿತು. ಸುಣ್ಣ ಅರಳುವಾಗ ಹೊಮ್ಮುವ ಕಾವು ನಮಗೆ ಹೊಸದಲ್ಲ. ಆ ಕಾವಿನಲ್ಲಿ ಪಿಸಿಬಿಯ ಹೆಚ್ಚಿನ ಭಾಗ ನೀರಾವಿಯೊಂದಿಗೆ ಗಾಳಿಗೆ ಸೇರಿತ್ತು, ಗಮನಾರ್ಹ ಪ್ರಮಾಣದಲ್ಲಿ ನಾಶವಾಗಿರಲಿಲ್ಲ. ಮಣ್ಣನ್ನು ಮಾತ್ರ ಅಳೆದವರಿಗೆ ಅದು ಮಾಯವಾದಂತೆ ಕಂಡಿತ್ತು, ಗಾಳಿಯನ್ನೂ ಅಳೆದಾಗ ಸಿಕ್ಕಿಬಿತ್ತು.

ಅಳೆಯುವುದು ಹೇಗೆ?

ಈ ಅನುಭವಗಳು ಪರೀಕ್ಷಾ ವಿಧಾನಗಳನ್ನೂ ತಿದ್ದಿದವು. 1990ರಲ್ಲಿ ಅಮೆರಿಕ ಜಾರಿಗೆ ತಂದ ಬಸಿತದ ಪರೀಕ್ಷೆಯಲ್ಲಿ ಗಡ್ಡೆಯನ್ನು 9.5 ಮಿಲಿಮೀಟರಿಗಿಂತ ಸಣ್ಣ ಚೂರುಗಳಾಗಿ ಒಡೆದು, ಇಪ್ಪತ್ತು ಪಟ್ಟು ತೂಕದ ದುರ್ಬಲ ಅಸಿಟಿಕ್ ಆಮ್ಲದಲ್ಲಿ 18 ಗಂಟೆ ಉರುಳಿಸುತ್ತಾರೆ. ಸುಲಭವಾಗಿ ಆವಿಯಾಗುವ ವಸ್ತುಗಳಿಗಾಗಿ ಗಾಳಿಗೆ ಜಾಗವೇ ಇಲ್ಲದ ಮುಚ್ಚಿದ ಪಾತ್ರೆಯನ್ನು ಬಳಸುತ್ತಾರೆ. ಸಾವಯವಗಳ ವಿಷಯದಲ್ಲಿ ಇಷ್ಟೇ ಸಾಲದು, ಸಾವಯವ ದ್ರಾವಕದಿಂದ ತೊಳೆದು ಗಡ್ಡೆಯಲ್ಲಿ ಒಟ್ಟು ಎಷ್ಟಿದೆ ಎಂದೂ ಅಳೆಯಬೇಕು ಎಂಬ ತಿಳಿವಳಿಕೆ ಬಂತು.

ಇದು 18 ಗಂಟೆಯ ಪರೀಕ್ಷೆ. ಗಡ್ಡೆ ನೆಲದಲ್ಲಿರುವುದು ನೂರಾರು ವರ್ಷ. ಈ ಅಂತರವನ್ನು ದಾಟಲು ಭೌತವಿಜ್ಞಾನ ಬೇಕು. ಅಡಾಲ್ಫ್ ಫಿಕ್ 1855ರಲ್ಲಿ ರೂಪಿಸಿದ ವಿಸರಣೆಯ ನಿಯಮದಂತೆ, ಅಣುವೊಂದು ಸಾಗುವ ದೂರ ವಿಸರಣಾಂಕ ಮತ್ತು ಕಾಲಗಳ ಗುಣಲಬ್ಧದ ವರ್ಗಮೂಲದಷ್ಟು. ನೀರಿನಲ್ಲಿ ಸಣ್ಣ ಅಣುಗಳ ವಿಸರಣಾಂಕ ಸೆಕೆಂಡಿಗೆ ಸುಮಾರು ನೂರು ಕೋಟಿಯಲ್ಲಿ ಒಂದು ಪಾಲು ಚದರ ಮೀಟರ್. ಒಂದು ವರ್ಷಕ್ಕೆ ಸುಮಾರು 3.15 ಕೋಟಿ ಸೆಕೆಂಡು. ಲೆಕ್ಕ ಹಾಕಿದರೆ ಅಣು ವರ್ಷಕ್ಕೆ ಸುಮಾರು 18 ಸೆಂಟಿಮೀಟರ್ ಸಾಗುತ್ತದೆ. ಸಿಮೆಂಟಿನ ಅಂಕುಡೊಂಕು ರಂಧ್ರಗಳು ಮತ್ತು ಜೇಡಿಯ ಹಿಡಿತ ಸೇರಿ ವಿಸರಣಾಂಕವನ್ನು ಹತ್ತು ಸಾವಿರ ಪಟ್ಟು ತಗ್ಗಿಸಿವೆ ಎನ್ನೋಣ. ಆಗ ವರ್ಷಕ್ಕೆ ಸಾಗುವ ದೂರ 1.8 ಮಿಲಿಮೀಟರ್. ದೂರ ಕಡಿಮೆಯಾದದ್ದು ನೂರು ಪಟ್ಟು ಮಾತ್ರ, ಆದರೆ ಅದೇ 18 ಸೆಂಟಿಮೀಟರ್ ದಾಟಲು ಬೇಕಾದ ಕಾಲ ಹತ್ತು ಸಾವಿರ ವರ್ಷ. ನಿಶ್ಚಲೀಕರಣದ ಶಕ್ತಿಯೂ ಮಿತಿಯೂ ಈ ವರ್ಗಮೂಲದಲ್ಲೇ ಇವೆ. ಗಡ್ಡೆ ದೊಡ್ಡದಾಗಿ ಅಖಂಡವಾಗಿದ್ದರೆ ಕಾಲ ನಮ್ಮ ಪರ. ಅದು ಬಿರುಕುಬಿಟ್ಟು ಚೂರಾದರೆ ದಾಟಬೇಕಾದ ದೂರವೇ ಕುಗ್ಗಿ, ಸಾವಿರ ವರ್ಷದ ಲೆಕ್ಕ ಕೆಲವೇ ವರ್ಷಗಳಿಗೆ ಇಳಿಯಬಹುದು.

ಆದ್ದರಿಂದಲೇ ದೀರ್ಘಕಾಲದ ಬಯಲು ಪ್ರಯೋಗಗಳಿಗೆ ಬೆಲೆ. ಇಂಗ್ಲೆಂಡಿನ ವೆಸ್ಟ್ ಡ್ರೇಟನ್‌ನಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಅಬೀರ್ ಅಲ್-ತಬ್ಬಾ ಮತ್ತು ಸಂಗಡಿಗರು 1995ರಲ್ಲಿ ಕಲುಷಿತ ನೆಲದೊಳಗೆ ಸಿಮೆಂಟು, ಹಾರುಬೂದಿ, ಸುಣ್ಣ, ಜೇಡಿಗಳ ಬೇರೆ ಬೇರೆ ಮಿಶ್ರಣಗಳ ಕಂಬಗಳನ್ನು ರೂಪಿಸಿದರು. ಕೆಲವು ವರ್ಷಗಳಿಗೊಮ್ಮೆ, ಹದಿನೇಳು ವರ್ಷಗಳ ನಂತರವೂ, ಅವುಗಳಿಂದ ಮಾದರಿ ತೆಗೆದು ಪರೀಕ್ಷಿಸಲಾಯಿತು.

ಕೆನಡದ ಸಿಡ್ನಿಯಲ್ಲಿ

ಇಷ್ಟೆಲ್ಲ ಕಲಿತ ಮೇಲೆ ನಡೆದ ದೊಡ್ಡ ಪ್ರಯೋಗವೆಂದರೆ ಕೆನಡದ ನೋವಾ ಸ್ಕೋಷಿಯ ಪ್ರಾಂತದ ಸಿಡ್ನಿ ನಗರದ ಟಾರ್ ಕೊಳಗಳದ್ದು. 20ನೆಯ ಶತಮಾನದ ಆರಂಭದಿಂದ ಅಲ್ಲಿ ನಡೆದ ಉಕ್ಕಿನ ಕಾರ್ಖಾನೆಯ ಕೋಕ್ ಒಲೆಗಳು ಸುಮಾರು ಎಂಟು ದಶಕ ಕಾಲ ಟಾರು ಮಿಶ್ರಿತ ತ್ಯಾಜ್ಯವನ್ನು ಹೊಳೆಗೆ ಬಿಟ್ಟಿದ್ದವು. ಹೊಳೆ ಸಮುದ್ರ ಸೇರುವ ಕಡೆ ಸುಮಾರು 7 ಲಕ್ಷ ಟನ್ ಕೆಸರು ಶೇಖರವಾಯಿತು. ಅದರ ಒಂದು ಭಾಗದಲ್ಲಿ ಪಿಸಿಬಿಯೂ ಇತ್ತು. ಅಗೆದು ಸುಡುವ ಮೊದಲ ಯೋಜನೆ ಕೆಸರನ್ನು ಕುಲುಮೆಗೆ ಸಾಗಿಸಲಾಗದೆ ವಿಫಲವಾಯಿತು. 2004ರಲ್ಲಿ ಸರ್ಕಾರಗಳು 40 ಕೋಟಿ ಕೆನಡ ಡಾಲರುಗಳ ಹೊಸ ಯೋಜನೆ ಪ್ರಕಟಿಸಿದವು. ಕೆಸರನ್ನು ಇದ್ದಲ್ಲೇ ಸಿಮೆಂಟು ಬೆರೆಸಿ ಗಟ್ಟಿಮಾಡಿ, ಮೇಲೆ ಮುಚ್ಚಿಗೆ ಹಾಕಿ, ಹೊಳೆಗೆ ಬೇರೆ ದಾರಿ ಕೊಡಲಾಯಿತು. 2013ರಲ್ಲಿ ಅದರ ಮೇಲೆ ಉದ್ಯಾನ ತೆರೆಯಿತು.

ಇಲ್ಲಿ ಸಿಮೆಂಟೊಂದನ್ನೇ ನಂಬಿಲ್ಲ ಎಂಬುದು ಗಮನಾರ್ಹ. ಟಾರಿನ ಭಾರದ ಅಣುಗಳು ನೀರಿನಲ್ಲಿ ಬಹಳ ಕಡಿಮೆ ಕರಗುತ್ತವೆ, ಗಡ್ಡೆ ಅಖಂಡವಾಗಿದೆ, ಮಳೆನೀರಿಗೆ ತಡೆಯಿದೆ, ಅಂತರ್ಜಲದ ಮೇಲೆ ನಿಗಾ ಇದೆ. ಈ ನಾಲ್ಕೂ ಸೇರಿದಾಗಲೇ ಯೋಜನೆ ನಿಲ್ಲುತ್ತದೆ. ವಿಷ ಅಲ್ಲೇ ಇದೆ ಎಂಬುದನ್ನು ಮಾತ್ರ ಯಾರೂ ಮರೆಯುವಂತಿಲ್ಲ.

ನಮ್ಮ ಮುಂದಿರುವ ಲೆಕ್ಕ

ಈ ಚರಿತ್ರೆ ನಮಗೆ ದೂರದ್ದಲ್ಲ. ಭಾರತದಲ್ಲಿ ಅಪಾಯಕಾರಿ ತ್ಯಾಜ್ಯದ ನಿಯಮಗಳು ಮೊದಲು ಬಂದದ್ದು 1989ರಲ್ಲಿ. ನಮ್ಮ ರಾಜ್ಯದ ದಾಬಸ್‌ಪೇಟೆಯೂ ಸೇರಿದಂತೆ ಹಲವೆಡೆ ಅಂಥ ತ್ಯಾಜ್ಯದ ವಿಲೇವಾರಿ ಕೇಂದ್ರಗಳಿವೆ. ಪಿಸಿಬಿಗಳ ಬಗೆಗಿನ 2016ರ ಕೇಂದ್ರ ಸರ್ಕಾರದ ಆದೇಶ ಅವುಗಳ ಬಳಕೆಗೆ 2025ರ ಡಿಸೆಂಬರ್ 31ರ ಗಡುವು ಹಾಕಿತು. ಭೋಪಾಲದ ಹಳೆಯ ಕಾರ್ಖಾನೆಯಲ್ಲಿ ದಶಕಗಳ ಕಾಲ ಉಳಿದಿದ್ದ 337 ಟನ್ ತ್ಯಾಜ್ಯವನ್ನು 2025ರಲ್ಲಿ ಪೀಥಾಂಪುರಕ್ಕೆ ಸಾಗಿಸಿ ಸುಡಲಾಯಿತು. ಆದರೆ ಅದೇ ಕಾರ್ಖಾನೆಯ ಆವರಣದಲ್ಲಿ ಕೀಟನಾಶಕ ಮುಂತಾದವುಗಳಿಂದ ಕಲುಷಿತವಾದ ಮಣ್ಣು ಸುಮಾರು 11 ಲಕ್ಷ ಟನ್ ಎಂದು 2010ರಲ್ಲಿ ನಾಗಪುರದ ನೀರಿ ಸಂಸ್ಥೆ ಅಂದಾಜು ಮಾಡಿತ್ತು. 337 ಟನ್ ಸುಡುವುದಕ್ಕೇ ಇಷ್ಟು ವರ್ಷ ಹಿಡಿದಿರುವಾಗ ಅಷ್ಟು ಮಣ್ಣನ್ನು ಸುಡುವ ಮಾತು ಸುಲಭವಲ್ಲ. ಇಂಥ ಕಡೆಗಳಲ್ಲಿ ಇಂದಲ್ಲ ನಾಳೆ ಯಾರಾದರೂ ಸಿಮೆಂಟು ಜೇಡಿಗಳ ಮಿಶ್ರಣವನ್ನು ಸೂಚಿಸುವುದು ಸಹಜ. ಸೂಚನೆ ಸರಿಯಾಗಿಯೂ ಇರಬಹುದು.

ಆಗ ಕೇಳಬೇಕಾದ ಪ್ರಶ್ನೆಗಳು ಪ್ರೌಢಶಾಲೆಯ ವಿದ್ಯಾರ್ಥಿಗೂ ಅರ್ಥವಾಗುವಂಥವು. ಸಂಸ್ಕರಣೆಗೆ ಮುಂಚೆ ಎಷ್ಟು ಬಸಿಯುತ್ತಿತ್ತು? ಸಿಮೆಂಟಿನಿಂದ ತೆಳುವಾದದ್ದನ್ನು ಲೆಕ್ಕದಿಂದ ಕಳೆದಿದ್ದಾರೆಯೇ? ಬೆರೆಸುವಾಗ ಗಾಳಿಗೆ ಹೋದದ್ದೆಷ್ಟು? ಐವತ್ತು ವರ್ಷಗಳ ನಂತರ ಅಳೆಯುವವರು ಯಾರು? ದ್ರವ್ಯರಾಶಿ ಸಂರಕ್ಷಣೆಯ ನಿಯಮ ಅಂಗಡಿಯ ಲೆಕ್ಕದ ಪುಸ್ತಕದಂತೆ. ಒಳಗೆ ಬಂದ ಪ್ರತಿ ಗ್ರಾಮೂ ಗಡ್ಡೆಯಲ್ಲೋ, ನೀರಿನಲ್ಲೋ, ಗಾಳಿಯಲ್ಲೋ ಇರಬೇಕು, ಇಲ್ಲವೇ ಬೇರೆ ವಸ್ತುವಾಗಿರಬೇಕು. ಈ ನಾಲ್ಕು ಕಲಮುಗಳ ಮೊತ್ತ ಮೂಲಕ್ಕೆ ಸರಿಹೊಂದಿದರೆ ಮಾತ್ರ ವಿಷವನ್ನು ಕಟ್ಟಿಹಾಕಿದ್ದೇವೆ ಎನ್ನಬಹುದು. ಮೊತ್ತ ಸರಿಹೊಂದದಿದ್ದರೆ ಗಡ್ಡೆ ಎಷ್ಟೇ ಗಟ್ಟಿಯಾಗಿರಲಿ, ಲೆಕ್ಕ ಇನ್ನೂ ಮುಗಿದಿಲ್ಲ.